ಹತ್ತು ಸೆಕೆಂಡಿಗೊಂದು ಹಲೋ

ನನ್ನ ತಮ್ಮನ ಬಾಯಿಂದ ಒಂದು ಮಾತು ಹೊರಡಿಸುವುದಕ್ಕಿಂತ ತುಕ್ಕು ಹಿಡಿದ ನಲ್ಲಿಯಿಂದ ನೀರು ಹೊರಡಿಸುವುದು ಸುಲಭ. ನಲ್ಲಿ ಕೊನೇ ಪಕ್ಷ ಗೊರಗೊರ ಎಂದಾದರೂ ಸದ್ದು ಮಾಡುತ್ತದೆ. ಇವನು ಅದನ್ನೂ ಮಾಡುವವನಲ್ಲ. ಚಿಕ್ಕವನಿದ್ದಾಗ ಹೊಟ್ಟೆ ನೋವು ಬಂದರೆ ಅಮ್ಮನ ಎದುರು ಹೊಟ್ಟೆ ಹಿಡಿದುಕೊಂಡು ನಿಲ್ಲುತ್ತಿದ್ದ, ಹಲ್ಲು ನೋವು ಬಂದರೆ ಕೆನ್ನೆ ಹಿಡಿದುಕೊಂಡು ನಿಲ್ಲುತ್ತಿದ್ದ. ಶಾಲೆಯಲ್ಲಿ ಮೇಷ್ಟ್ರು ಹಾಜರಿ ಕೂಗಿದರೆ ಕೈ ಎತ್ತುತ್ತಿದ್ದನೇ ಹೊರತು ಬಾಯಿ ತೆರೆಯುತ್ತಿರಲಿಲ್ಲ. ಮೇಷ್ಟ್ರೋ, ತಲೆ ಎತ್ತದೆ ಹಾಜರಿ ಹಾಕುವವರು. ಹೀಗಾಗಿ ಒಂದು ವರ್ಷವಿಡೀ ನನ್ನ ತಮ್ಮ ಮೊದಲ ಬೆಂಚಿನಲ್ಲೇ ಕೂತು ಗೈರುಹಾಜರಾಗಿದ್ದ.

ಮನೆಯ ಮಾತಿನ ಲೆಕ್ಕ ಸರಿದೂಗಲೆಂದೋ ಏನೋ, ಅವನಿಗಿಂತ ಮೊದಲು ನಾನು ಹುಟ್ಟಿದ್ದೆ. ನಾನು ಅವನ ಅಕ್ಕ. ಬೀದಿಯ ಮೂಲೆಯಲ್ಲಿ ಹೆಂಗಸರ ಕೂದಲು ಕತ್ತರಿಸುವ ಸಣ್ಣ ಪಾರ್ಲರ್ ನನ್ನದು. ಕತ್ತರಿ ನಿಂತರೂ ಇವಳ ಬಾಯಿ ನಿಲ್ಲುವುದಿಲ್ಲ ಎಂದು ನನ್ನ ಗಂಡ ಹೇಳುತ್ತಾರೆ. ಹೇಳಲಿ ಬಿಡಿ, ಅವರ ಮಾತನ್ನು ನಾನು ಯಾವತ್ತೂ ಪೂರ್ತಿ ಕೇಳಿಸಿಕೊಂಡದ್ದಿಲ್ಲ. ಅಮ್ಮ, ನಾವಿಬ್ಬರು ಗಂಡಹೆಂಡಿರು, ಈ ತಮ್ಮ, ನಾಲ್ವರೂ ಆಗ ಒಂದೇ ಸೂರಿನಡಿ ಇದ್ದೆವು.

ಇಂಥವನಿಗೆ ಸಿಕ್ಕ ಕೆಲಸ ಯಾವುದು ಹೇಳಿ? ಯಂತ್ರಗಳು ಒಂದರ ಜೊತೆ ಒಂದು ಮಾತಾಡುತ್ತಿವೆಯೇ ಎಂದು ನೋಡಿಕೊಳ್ಳುವುದು! ಔಷಧಿ ಹಂಚುವ ಒಂದು ಕಂಪನಿ. ಒಂಬತ್ತು ಊರುಗಳಲ್ಲಿ ಅದರ ಗೋದಾಮು, ಗೋದಾಮಿಗೊಂದು ರೂಟರ್, ರೂಟರಿಗೊಬ್ಬ ಎಂಜಿನಿಯರ್. ಯಾವ ಮಾತ್ರೆ ಎಲ್ಲಿ ಎಷ್ಟಿದೆ, ಯಾವ ಲಾರಿ ಎಲ್ಲಿಗೆ ಹೊರಟಿತು ಎಂಬ ಸುದ್ದಿಯೆಲ್ಲ ಈ ರೂಟರುಗಳ ಮೂಲಕವೇ ಓಡಾಡಬೇಕು. ನಮ್ಮೂರಿನ ಗೋದಾಮು ನದಿಯ ಈಚೆ ದಡದಲ್ಲಿದೆ, ಇನ್ನೊಂದು ಆಚೆ ದಡದ ಊರಿನಲ್ಲಿ. ನಡುವೆ ಸೇತುವೆ, ಸೇತುವೆಯ ಹೊಟ್ಟೆಗೆ ಅಂಟಿಕೊಂಡು ಹೋಗುವ ಒಂದು ಕೇಬಲ್. ನಾನು ಹೇಳಹೊರಟಿರುವುದೆಲ್ಲ ಆ ಕೇಬಲ್ಲಿನ ಮೇಲೆ ನಡೆದದ್ದು.

ರೂಟರುಗಳ ವ್ಯವಹಾರವನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ತಮ್ಮ ಹೇಳಿಕೊಟ್ಟದ್ದಲ್ಲ, ಅವನಿಂದ ಹಿಂಡಿ ತೆಗೆದದ್ದು. ಪ್ರತಿ ರೂಟರೂ ತನ್ನ ಪಕ್ಕದ ರೂಟರಿಗೆ ಹತ್ತು ಸೆಕೆಂಡಿಗೊಮ್ಮೆ 'ಹಲೋ' ಎನ್ನುತ್ತದೆ. ಪಕ್ಕದ್ದೂ ಹಲೋ ಎಂದರೆ ಇಬ್ಬರೂ ನೆಂಟರು. ನಲವತ್ತು ಸೆಕೆಂಡು ಪಕ್ಕದವನ ದನಿ ಕೇಳಿಸದಿದ್ದರೆ ಅವನು ಸತ್ತನೆಂದೇ ಲೆಕ್ಕ. ಅತ್ತು ಕರೆದು ಕೂರುವ ಮಾತಿಲ್ಲ. ನನಗೂ ಅವನಿಗೂ ಸಂಬಂಧ ಕಡಿಯಿತು ಎಂದು ಕೂಡಲೇ ಎಲ್ಲರಿಗೂ ಸಾರಿಬಿಡುತ್ತದೆ. ಕೇಳಿಸಿಕೊಂಡ ರೂಟರುಗಳೆಲ್ಲ ತಮ್ಮ ತಮ್ಮ ನಕ್ಷೆಯಿಂದ ಆ ಗೆರೆಯನ್ನು ಅಳಿಸಿ, ಉಳಿದ ದಾರಿಗಳಲ್ಲಿ ಹತ್ತಿರದ್ದು ಯಾವುದೆಂದು ಹೊಸದಾಗಿ ಲೆಕ್ಕ ಹಾಕುತ್ತವೆ. ಒಂಬತ್ತರ ಬಳಿಯೂ ಇರುವುದು ಒಂದೇ ನಕ್ಷೆ. ಸೇತುವೆಯ ಲಿಂಕ್ ಬಿದ್ದರೆ ಸುದ್ದಿ ಹೆಡ್ ಆಫೀಸನ್ನು ಬಳಸಿಕೊಂಡು ಆಚೆ ದಡಕ್ಕೆ ಹೋಗುತ್ತದೆ. ಬಿಲ್ಲು ಸ್ವಲ್ಪ ತಡವಾಗಿ ಅಚ್ಚಾಗುತ್ತದೆ, ಬಿಲ್ಲಿನ ಗುಮಾಸ್ತ ಒಂದು ಸಲ ಹೆಚ್ಚಿಗೆ ಆಕಳಿಸುತ್ತಾನೆ, ಅಷ್ಟೆ.

ಇದಕ್ಕೊಂದು ಷರತ್ತಿದೆ. ಹಲೋಗಳ ನಡುವಿನ ಅಂತರ ಎರಡೂ ಕಡೆ ಒಂದೇ ಇರಬೇಕು. ಈಚೆಯದು ಹತ್ತು ಸೆಕೆಂಡಿಗೊಮ್ಮೆ, ಆಚೆಯದು ಹದಿನೈದು ಸೆಕೆಂಡಿಗೊಮ್ಮೆ ಎಂದಾದರೆ ಇಬ್ಬರೂ ಗಂಟಲು ಹರಿಯುವಂತೆ ಕೂಗುತ್ತಿರುತ್ತಾರೆ, ಆದರೆ ಒಬ್ಬರನ್ನೊಬ್ಬರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನಮ್ಮಮ್ಮನೂ ಎದುರುಮನೆಯಾಕೆಯೂ ಎಷ್ಟೋ ವರ್ಷದಿಂದ ಹೀಗೇ ಇದ್ದಾರೆ.

ಕಂಪನಿಯದು ಇನ್ನೊಂದು ಕಟ್ಟುನಿಟ್ಟು. ಯಾರೂ ತಮ್ಮ ರೂಟರನ್ನು ಬಿಟ್ಟು ಬೇರೆಯವರದ್ದನ್ನು ಮುಟ್ಟುವಂತಿಲ್ಲ. ಲಿಂಕ್ ಬಿದ್ದರೆ ಎರಡೂ ಕಡೆಯವರು ಫೋನ್ ಹಿಡಿದು ಕೂತು, ತಮ್ಮ ರೂಟರಿನಲ್ಲಿರುವುದನ್ನು ಒಂದೊಂದಾಗಿ ಓದಿ ಹೇಳಬೇಕು, ವ್ಯತ್ಯಾಸ ಎಲ್ಲಿದೆ ಎಂದು ಹಿಡಿಯಬೇಕು. ನನ್ನ ತಮ್ಮನ ಬಾಳಿನಲ್ಲಿ ಹೊರಗಿನ ಹೆಣ್ಣುಮಗಳೊಬ್ಬಳ ಜೊತೆ ಮಾತಾಡದೆ ವಿಧಿಯೇ ಇಲ್ಲ ಎಂಬಂಥ ಸಂದರ್ಭ ಬಂದದ್ದು ಈ ಕಟ್ಟುನಿಟ್ಟಿನಿಂದ.

ಆಚೆ ದಡದ ಗೋದಾಮಿಗೆ ಹೊಸ ಎಂಜಿನಿಯರ್ ಬಂದಳು. ಅವಳ ಬೆನ್ನಿಗೇ ಹೊಸ ರೂಟರೂ ಬಂತು. ಅದನ್ನು ಕೂರಿಸಿದವರು ಹಲೋ ಅಂತರವನ್ನು ಮೂವತ್ತಕ್ಕೆ ಇಟ್ಟು ಹೋಗಿದ್ದರು. ಲಿಂಕ್ ಏಳಲಿಲ್ಲ. ತಮ್ಮ ಫೋನ್ ಮಾಡಿದ. ಅವನು ಕೂರುವ ಕೋಣೆಯನ್ನು ನಾನು ನೋಡಿದ್ದೇನೆ. ಲಸಿಕೆ ಇಡುವ ತಣ್ಣನೆಯ ಕೋಣೆಯ ಹಿಂದೆ ಒಂದು ಕಿಷ್ಕಿಂಧೆ. ಒಂದು ಪ್ಲಾಸ್ಟಿಕ್ ಕುರ್ಚಿ, ಕತ್ತು ಮುರಿದ ಫ್ಯಾನು, ಗೋಡೆಗೆ ನೀಲಿ ಹಳದಿ ಕೇಬಲ್ಲುಗಳ ಜಡೆ. ಒಂದೊಂದು ಕೇಬಲ್ಲಿಗೂ ಅವನ ಕೈಬರಹದ ಚೀಟಿ. ಫ್ಯಾನಿಗೂ ಒಂದು ಚೀಟಿ ಅಂಟಿಸಿದ್ದಾನೆ, 'ಫ್ಯಾನು' ಎಂದು.

"ಏರಿಯಾ?" ಎಂದ ತಮ್ಮ.

"ಸೊನ್ನೆ."

"ಕಾಸ್ಟ್?"

"ಹತ್ತು."

"ಹಲೋ ಅಂತರ?"

"ಮೂವತ್ತು."

"ಇಲ್ಲಿ ಹತ್ತು."

"ಅಯ್ಯೋ, ನಿಮ್ಗೆ ಅಷ್ಟೊಂದು ಅವಸರಾನಾ?" ಎಂದು ಅವಳು ನಕ್ಕುಬಿಟ್ಟಳಂತೆ.

ಸಂಜೆ ಊಟಕ್ಕೆ ಕೂತವನು, ಯಾರೂ ಕೇಳದೆ, "ಆಚೆ ದಡದ ಮೇಡಂ ಚೆನ್ನಾಗಿ ನಗ್ತಾರೆ" ಎಂದ. ಅಮ್ಮನ ಕೈಯ ಸೌಟು ಗಾಳಿಯಲ್ಲೇ ನಿಂತಿತು. ನನ್ನ ಗಂಡ ನನ್ನ ಮುಖ ನೋಡಿದರು. ನಾನು ಮೇಜಿನ ಕೆಳಗೆ ಅವರ ಕಾಲು ತುಳಿದೆ, ಎಲ್ಲಿ ಏನಾದರೂ ಕೇಳಿ ಹೆದರಿಸಿಬಿಡುತ್ತಾರೋ ಎಂದು.

ಆಮೇಲೆ ಕೆಲವು ದಿನ ಲಿಂಕ್ ಗಟ್ಟಿಯಾಗಿತ್ತು. ಒಳ್ಳೆಯ ರೂಟರುಗಳು, ಒಳ್ಳೆಯ ಕೇಬಲ್, ಬೀಳಲು ಕಾರಣವೇ ಇಲ್ಲ. ನನ್ನ ತಮ್ಮ ಮೊದಲು ಆ ದಾರಿಯ ಕಾಸ್ಟ್ ಏರಿಸಿ ನೋಡಿದನಂತೆ. ಕಾಸ್ಟ್ ಎಂದರೆ ಆ ದಾರಿಯಲ್ಲಿ ಹೋಗುವುದು ಎಷ್ಟು ದುಬಾರಿ ಎಂದು ರೂಟರಿಗೆ ಹೇಳುವ ಸಂಖ್ಯೆ. ದುಬಾರಿಯಾದ ದಾರಿಯನ್ನು ಬಿಟ್ಟು ಸುದ್ದಿಗಳು ಬೇರೆ ದಾರಿ ಹಿಡಿದವು, ಆದರೆ ರೂಟರುಗಳ ನೆಂಟಸ್ತನ ಹಾಗೇ ಉಳಿಯಿತು, ಯಾರ ಫೋನೂ ಬರಲಿಲ್ಲ. ಪಾಪದವನು ಅದನ್ನು ಮತ್ತೆ ಇಳಿಸಿ, ತಲೆ ಕೆರೆದುಕೊಂಡು, ಒಂದು ಮಂಗಳವಾರ ತನ್ನ ಕಡೆಯ ಹಲೋ ಅಂತರವನ್ನು ಹತ್ತರಿಂದ ಹದಿನೈದು ಮಾಡಿದ. ನೆಂಟಸ್ತನ ಕಡಿಯಿತು. ಫೋನ್ ಬಂತು.

"ನನ್ ಕಡೆ ಎಲ್ಲಾ ಸರಿಯಾಗಿದೆ. ನಿಮ್ ಕಡೆ ಎಷ್ಟಿದೆ ನೋಡ್ತೀರಾ?" ಎಂದಳು ಅವಳು.

"ಅದು... ಹೇಗೋ ಹದಿನೈದಾಗ್ಬಿಟ್ಟಿದೆ."

"ಹೇಗೋ?"

"ಹೇಗೋ."

"ಪಾಪ, ಅದಕ್ಕೂ ವಯಸ್ಸಾಯ್ತೇನೋ," ಎಂದಳು ಅವಳು.

ಹದಿನೈದನ್ನು ಹತ್ತು ಮಾಡಲು ಎಷ್ಟು ಹೊತ್ತು ಬೇಕು? ಮೂಗು ಒರೆಸುವಷ್ಟು ಹೊತ್ತು. ಇವರಿಬ್ಬರಿಗೆ ಮುಕ್ಕಾಲು ಗಂಟೆ ಬೇಕಾಯಿತು. ಮೊದಲಿಂದ ಎಲ್ಲವನ್ನೂ ಓದಬೇಕಲ್ಲ. ಸಂಖ್ಯೆಗಳ ನಡುನಡುವೆ ಅವಳು, ಹಿಂದೆ ಅದೇನು ಕಿರಿಕಿರಿ ಸದ್ದು ಎಂದು ಕೇಳುವಳು, ಇವನು ಫ್ಯಾನು ಎನ್ನುವನು. ಎಣ್ಣೆ ಬಿಡಬಾರದೇ ಎನ್ನುವಳು, ಬಿಡುತ್ತೇನೆ ಎನ್ನುವನು. ಮುಂದಿನ ವಾರ ಎಣ್ಣೆ ಬಿಟ್ಟ ಮೇಲೆ ಫ್ಯಾನು ಹೇಗಿದೆ ಎಂದು ಕೇಳಲು ಅವಳಿಗೂ, ಹೇಳಲು ಇವನಿಗೂ ಒಂದು ಕಾರಣ ಬೇಕಲ್ಲ, ಮಂಗಳವಾರ ಬಂತು, ಲಿಂಕ್ ಬಿತ್ತು. ಅಲ್ಲಿಂದಾಚೆಗೆ ನನ್ನ ತಮ್ಮನ ರೂಟರಿಗೆ ಮಂಗಳವಾರದ ಜ್ವರ ಖಾಯಂ ಆಯಿತು. ಸೋಮವಾರವೇ ಅಂಗಿಗೆ ಇಸ್ತ್ರಿ ಹಾಕಿಕೊಳ್ಳುತ್ತಿದ್ದ. ಫೋನಿನಲ್ಲಿ ಅಂಗಿ ಯಾರಿಗೆ ಕಾಣುತ್ತದೋ ಎಂದು ನನ್ನ ಗಂಡ ಗೊಣಗಿದರು.

ಎಲ್ಲ ಸುಸೂತ್ರವಾಗಿ ನಡೆಯುತ್ತಿರುವಾಗ ಹೆಡ್ ಆಫೀಸಿನಲ್ಲಿ ಒಂಬತ್ತೂ ಗೋದಾಮಿನ ಎಂಜಿನಿಯರುಗಳ ಸಭೆ ಕರೆದರು. ತಮ್ಮ ಹೊಸ ಬೂಟು ಹಾಕಿಕೊಂಡು ಹೋದ. ಅವಳೂ ಬಂದಿದ್ದಳು. ಅಷ್ಟು ತಿಂಗಳು ಫೋನಿನಲ್ಲಿ ಹರಟಿದವರು ಎದುರಾದಾಗ ಏನು ಮಾಡಿದರು ಎಂದುಕೊಂಡಿರಿ? ಒಬ್ಬರು ಮೇಜಿನ ಆ ತುದಿ, ಒಬ್ಬರು ಈ ತುದಿ. ಎದುರಿಗೆ ಓದಿ ಹೇಳಲು ಯಾವ ಸಂಖ್ಯೆಯೂ ಇರಲಿಲ್ಲವಲ್ಲ. ಇಡೀ ದಿನ ಇಬ್ಬರೂ ತಮ್ಮ ತಮ್ಮ ಎದುರಿನ ಗೋಡೆಯನ್ನು ಶ್ರದ್ಧೆಯಿಂದ ನೋಡಿದರು.

ಚಹದ ಬಿಡುವಿನಲ್ಲಿ ಬಂದರಿನ ಗೋದಾಮಿನವನು ಹತ್ತಿರ ಬಂದ. ಎದೆಯವರೆಗೆ ಗಡ್ಡ ಬಿಟ್ಟ ಮನುಷ್ಯ, ಎಲ್ಲರೂ ಅವನನ್ನು ಗಡ್ಡ ಎಂದೇ ಕರೆಯುವುದು. ನನ್ನ ತಮ್ಮನ ಹೆಗಲ ಮೇಲೆ ಕೈ ಹಾಕಿ, "ಏನಪ್ಪಾ, ಹೋದ ಮಂಗಳವಾರ ತಡ ಮಾಡ್ಬಿಟ್ಟೆ. ನಿನ್ನಿಂದ ಇವತ್ತು ನಾನು ಎಲ್ಲರಿಗೂ ಚಹಾ ಕೊಡಿಸ್ಬೇಕಾಯ್ತು" ಎಂದ.

ತಮ್ಮನಿಗೆ ಅರ್ಥವಾಗಲಿಲ್ಲ.

"ಸೇತುವೆ ಲಿಂಕು. ಹನ್ನೊಂದಕ್ಕೆ ಮುಂಚೆ ಬೀಳುತ್ತೆ ಅಂತ ನಾನು ಪಂಥ ಕಟ್ಟಿದ್ದೆ. ಊಟಕ್ಕೆ ಮುಂಚೆ ಅಂತ ಹೆಡ್ ಆಫೀಸಿನ ಗೋದಾಮಿನವನು. ಅವನೇ ಗೆದ್ದ."

ಆಗ ನನ್ನ ತಮ್ಮ ಇಂಗು ತಿಂದ ಮಂಗನಂತೆ ಸುತ್ತ ನೋಡಿದ. ಏಳು ಜೊತೆ ಕಣ್ಣು ಅವನನ್ನೇ ನೋಡಿ ನಗುತ್ತಿದ್ದವು. ಒಂದು ನೆಂಟಸ್ತನ ಕಡಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲ ರೂಟರಿಗೂ ಸಾರಿ ಹೇಳಬೇಕು, ಇದು ಅವನು ಹೊಟ್ಟೆಪಾಡಿಗೆ ಮಾಡುವ ಕೆಲಸದ ಮೊದಲ ಪಾಠ. ನಾನು ಹಿಂಡಿದಾಗ ಅವನೇ ಹೇಳಿದ್ದು. ಆದರೆ ತನ್ನ ಮಂಗಳವಾರಗಳು ಮಾತ್ರ ತಾನು, ಅವಳು, ಸೇತುವೆ, ಈ ಮೂವರ ಗುಟ್ಟು ಎಂದು ನಂಬಿಕೊಂಡಿದ್ದ! ಊರು ತುಂಬ ಡಂಗುರ ಹೊಡೆಸಿ ಕಳ್ಳ ಹೆಜ್ಜೆ ಇಡುತ್ತಿದ್ದನಲ್ಲ ಎಂದು ನಾನು ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವನು ನಗಲಿಲ್ಲ, ಕಾರಣ ಆ ಸಭೆಯ ಕೊನೆಯಲ್ಲಿ ನಡೆದದ್ದು.

ಹೆಡ್ ಆಫೀಸಿನ ಸಾಹೇಬರು ಎದ್ದು ನಿಂತರು. ರೂಟರಿನ ಒಳಗೆ ಇಣುಕುವಷ್ಟು ಪುರುಸೊತ್ತು ಅವರಿಗಿಲ್ಲ. ಐದು ನಿಮಿಷಕ್ಕಿಂತ ಹೆಚ್ಚು ಹೊತ್ತು ಬಿದ್ದ ಲಿಂಕು ಅವರ ಪರದೆಯಲ್ಲಿ ಕೆಂಪಗೆ ಹೊಳೆಯುತ್ತದೆ, ಅದನ್ನು ಮಾತ್ರ ನೋಡುತ್ತಾರೆ. "ಈ ಸೇತುವೆ ಲಿಂಕು ನನಗೆ ಸಾಕುಸಾಕಾಗಿದೆ" ಎಂದರು. "ಇನ್ನೊಂದೇ ಒಂದು ಸಲ ಕೆಂಪಾದ್ರೆ ಆ ಕೇಬಲ್ಲನ್ನೇ ಕಿತ್ತು ಹಾಕಿಸ್ತೀನಿ. ಯಾರ ಕಡೆಯ ಸಂಖ್ಯೆ ತಪ್ಪಿರುತ್ತೋ, ಅವರು ಮಾರನೇ ದಿನಾನೇ ಗುಡ್ಡದ ಗೋದಾಮಿಗೆ ಹೊರಡಲಿ."

ಗುಡ್ಡದ ಗೋದಾಮು ಎಂದರೆ ಎಂಜಿನಿಯರುಗಳ ಪಾಲಿಗೆ ಗಡೀಪಾರು. ವರ್ಷದ ಮುಕ್ಕಾಲು ಪಾಲು ಮಂಜು, ಒಬ್ಬ ಕಾವಲುಗಾರ, ಕಾವಲುಗಾರನಿಗಿಂತ ಹೆಚ್ಚು ನಿದ್ದೆ ಮಾಡುವ ಒಂದು ನಾಯಿ. ಅಲ್ಲಿರುವವನು ಸಭೆಯಲ್ಲಿ ಎಲ್ಲರ ಮುಖವನ್ನೂ ಆಸೆಯಿಂದ ನೋಡುತ್ತಿದ್ದನಂತೆ.

ಅಲ್ಲಿಗೆ ಮಂಗಳವಾರಗಳು ಮುಗಿದವು. ಸೇತುವೆಯ ಲಿಂಕ್ ಅಷ್ಟು ಗಟ್ಟಿಯಾಗಿ ಎಂದೂ ನಿಂತಿರಲಿಲ್ಲ, ನನ್ನ ತಮ್ಮ ಅಷ್ಟು ಸೊರಗಿ ಎಂದೂ ಕೂತಿರಲಿಲ್ಲ. ಸೋಮವಾರ ಇಸ್ತ್ರಿಪೆಟ್ಟಿಗೆ ಕಪಾಟಿನಲ್ಲೇ ಉಳಿಯಿತು. ಅನ್ನವನ್ನು ತಟ್ಟೆಯ ಈ ಬದಿಯಿಂದ ಆ ಬದಿಗೆ ಸಾಗಿಸಿ ಎದ್ದು ಹೋಗುತ್ತಿದ್ದ. ಆ ಹೊತ್ತಿಗೆ ಒಂದಿಷ್ಟನ್ನು ಅವನಿಂದ, ಉಳಿದದ್ದನ್ನು ಮನೆಗೆ ಫೋನ್ ಮಾಡಿದ್ದ ಗಡ್ಡನಿಂದ ತಿಳಿದುಕೊಂಡಿದ್ದೆ.

"ಸುಮ್ನೆ ಫೋನ್ ಮಾಡಿ ಮಾತಾಡೋ" ಎಂದೆ.

"ಯಾವ ವಿಷಯಕ್ಕೆ?"

"ವಿಷಯ ಯಾಕೆ? ಇಷ್ಟು ದಿನ ಮಾತಾಡಿದ್ದು ಯಾವ ಘನಂದಾರಿ ವಿಷಯ? ಫ್ಯಾನಿಗೆ ಎಣ್ಣೆ!"

"ಆಗ ಲಿಂಕ್ ಬಿದ್ದಿತ್ತಲ್ಲ ಅಕ್ಕ."

"ಅವಳಿಗೇನಾದ್ರೂ ಬೇಜಾರಿರೋ ಹಾಗಿದ್ರೆ ಅಷ್ಟು ಹೊತ್ತು ಮಾತಾಡ್ತಿದ್ಲೇನೋ?"

"ಅದು ಕಂಪನಿ ನಿಯಮ" ಎಂದ. ನಿಯಮಕ್ಕೋಸ್ಕರ ಮಾತಾಡಿರಬಹುದು ಎಂಬ ಭಯ ಅವನಿಗಿತ್ತು. ಅದನ್ನು ಕೇಳಿ ನನಗೆ ನಿಜಕ್ಕೂ ಸಂಕಟವಾಯಿತು. ಎಷ್ಟಾದರೂ ಬೆನ್ನಿಗೆ ಬಿದ್ದವನು. ಅವಳ ನಂಬರು ಕೊಡು, ನಾನೇ ಕೇಳುತ್ತೇನೆ ಎಂದೆ. ಅವತ್ತಿನಿಂದ ಫೋನನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗತೊಡಗಿದ.

ಒಂದು ಶನಿವಾರ ಬೆಳಿಗ್ಗೆ ಅವನಿಗೆ ಮನೆಯಿಂದಲೇ ಕೆಲಸ. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಗೋದಾಮಿನ ರೂಟರನ್ನು ನೋಡುತ್ತಿದ್ದ. ಎದುರಿಗೆ ಕೂತು ನಾನು ಬಟಾಣಿ ಸುಲಿಯುತ್ತಿದ್ದೆ. ಇದ್ದಕ್ಕಿದ್ದಂತೆ ಅವನು ಕುರ್ಚಿಯಿಂದ ಅರ್ಧ ಎದ್ದ.

"ನಾನಲ್ಲ" ಎಂದ.

"ಏನು ನೀನಲ್ಲ?"

"ಲಿಂಕ್ ಬಿತ್ತು. ನಾನು ಮುಟ್ಟಿಲ್ಲ. ನನ್ನ ಕಡೆ ಹತ್ತೇ ಇದೆ."

ಆಚೆಯಿಂದ ಬರುವ ಹಲೋದ ಜೊತೆ ಆಚೆಯ ಅಂತರವೂ ಬರೆದುಕೊಂಡು ಬಂದಿರುತ್ತದಂತೆ. ಅದನ್ನು ತೆರೆದು ನೋಡಿದ. ಪರದೆಯನ್ನು ನನ್ನ ಕಡೆ ತಿರುಗಿಸಿದ. ಹದಿನೈದು ಎಂದಿತ್ತು.

ಕೂದಲು ಕತ್ತರಿಸುವವಳಾದರೂ ನನಗೆ ತಕ್ಷಣ ಹೊಳೆಯಿತು. ಗುಡ್ಡಕ್ಕೆ ಅಟ್ಟುತ್ತಾರೆ ಎಂದು ಗೊತ್ತಿದ್ದೂ ಆ ಹುಡುಗಿ ಈ ಸಲ ತಾನೇ ಕೆಡವಿದ್ದಳು, ಅದೂ ಇವನದೇ ಸಂಖ್ಯೆ ಹಾಕಿ. ನಾನು ಬಟಾಣಿ ಬಿಟ್ಟು ಫೋನನ್ನು ಅವನ ಕಡೆ ತಳ್ಳಿದೆ. ಅವನು ಫೋನ್ ಮುಟ್ಟಲಿಲ್ಲ. ಟಕಟಕ ಏನೋ ಒತ್ತಿದ. ಮುಖ ಅರಳಿತು.

"ಆಯ್ತು. ಎದ್ದಿತು" ಎಂದ.

"ಏನು ಮಾಡ್ದೆ?"

"ನನ್ನ ಕಡೇನೂ ಹದಿನೈದು ಮಾಡ್ದೆ. ಫೋನ್ ಮಾಡಿ ಓದಿಸಿದ್ರೆ ತಪ್ಪು ಅವರ ಕಡೆ ಅಂತಾಗುತ್ತೆ. ಅವರನ್ನ ಗುಡ್ಡಕ್ಕೆ ಹಾಕ್ತಾರೆ. ಈಗ ಎರಡೂ ಒಂದೇ. ಕೆಂಪಾಗೋಕೆ ಮುಂಚೆ ಸರಿ ಮಾಡ್ಬಿಟ್ಟೆ."

ಇಷ್ಟು ಉದ್ದ ಮಾತಾಡಿದ್ದಕ್ಕೆ ಸಂತೋಷಪಡಲೋ, ಆ ಬುದ್ಧಿಗೆ ತಲೆ ಚಚ್ಚಿಕೊಳ್ಳಲೋ ತಿಳಿಯಲಿಲ್ಲ. "ಅಯ್ಯೋ ಗಾಂಪ! ಅವಳು ನಿನಗೋಸ್ಕರ ಬಾಗಿಲು ಬಡಿದ್ರೆ, ನೀನು ಬಾಗಿಲು ರಿಪೇರಿ ಮಾಡಿ ಕೂತ್ಯಲ್ಲೋ!" ಎಂದೆ.

ಅವನಿಗೆ ಅದು ತಲೆಗೆ ಇಳಿಯುವಷ್ಟರಲ್ಲಿ ಲಿಂಕ್ ಮತ್ತೆ ಬಿತ್ತು. ಆಚೆಯ ಹಲೋದಲ್ಲಿ ಈಗ ಇಪ್ಪತ್ತು. ಇವನ ಬೆರಳು ಅಭ್ಯಾಸಬಲದಿಂದ ಓಡಿ ಇಪ್ಪತ್ತು ಮಾಡಿಬಿಟ್ಟಿತು. ಲಿಂಕ್ ಎದ್ದಿತು. ಮತ್ತೆ ಬಿತ್ತು, ಇಪ್ಪತ್ತೈದು. ನಾನು ಕೈ ಹಿಡಿದುಕೊಳ್ಳುವ ಮೊದಲೇ ಇವನೂ ಇಪ್ಪತ್ತೈದು. ಫೋನ್ ಬಡಿದುಕೊಂಡಿತು. ಅವಳೇ ಎಂದು ನಾನು ಹಾರಿಬಿದ್ದು ಎತ್ತಿದರೆ ಗಡ್ಡ! ಸ್ಪೀಕರ್ ಹಾಕದಿದ್ದರೂ ಅಡುಗೆಮನೆಯಲ್ಲಿದ್ದ ಅಮ್ಮನಿಗೆ ಕೇಳಿಸುವಂತೆ, "ಸರಿ ಮಾಡ್ಬೇಡ ಕಣಯ್ಯಾ, ಫೋನ್ ಮಾಡು! ನಾವೆಲ್ಲ ಕೆಲಸ ಬಿಟ್ಟು ನಕ್ಷೆ ನೋಡ್ತಾ ಕೂತಿದ್ದೀವಿ!" ಎಂದು ಕಿರುಚಿ ಇಟ್ಟ.

ನಾಲ್ಕನೆಯ ಸಲ ಲಿಂಕ್ ಬಿದ್ದಾಗ ತಮ್ಮ ಆಚೆಯ ಹಲೋವನ್ನು ಹುಡುಕಿದ. ಬರಲಿಲ್ಲ. ಇನ್ನೊಮ್ಮೆ ನೋಡಿದ. ಮೂವತ್ತಿಲ್ಲ, ನಲವತ್ತಿಲ್ಲ, ಯಾವ ಸಂಖ್ಯೆಯೂ ಇಲ್ಲ. ಹಲೋ ಹೇಳುವುದನ್ನೇ ಅವಳು ನಿಲ್ಲಿಸಿದ್ದಳು.

"ಕೋಪ ಬಂದಿದೆ" ಎಂದೆ.

ಅವನು ಬಿಳಿಚಿಕೊಂಡು ಪರದೆಯನ್ನೇ ನೋಡಿದ. ಹೊಂದಿಸಲು ಈಗ ಏನೂ ಉಳಿದಿರಲಿಲ್ಲ. ಐದು ನಿಮಿಷ ಹೀಗೇ ಹೋದರೆ ಸಾಹೇಬರ ಪರದೆ ಕೆಂಪಾಗುತ್ತದೆ, ಅವಳು ಗುಡ್ಡಕ್ಕೆ ಹೋಗುತ್ತಾಳೆ, ಕೇಬಲ್ ಕೀಳುತ್ತಾರೆ. ಒಮ್ಮೆಲೇ ಎದ್ದ. ಬಾಗಿಲು ಧಡಾರೆಂದಿತು. ಕಿಟಕಿಯಿಂದ ನೋಡಿದರೆ ನನ್ನ ಗಂಡನ ಸೈಕಲ್ ಏರಿ ಸೇತುವೆಯ ದಿಕ್ಕಿಗೆ ಹೊಡೆದಿದ್ದಾನೆ, ಮೈಮೇಲೆ ಮನೆಯಲ್ಲಿ ಹಾಕುವ ತೂತು ಬನಿಯನ್ನು. ಫೋನ್ ಬಟಾಣಿ ಸಿಪ್ಪೆಗಳ ನಡುವೆ ಬಿದ್ದಿತ್ತು.

ಅವನು ಬೀದಿ ತಿರುಗಿದ್ದನೋ ಇಲ್ಲವೋ, ಅದು ಮತ್ತೆ ಬಡಿದುಕೊಂಡಿತು. ನಾನು ಎತ್ತಿ ಕಿವಿಗಿಟ್ಟುಕೊಂಡೆ, ಹಲೋ ಎನ್ನಲೂ ಬಿಡದೆ ಆಚೆಯಿಂದ ಮಾತು ಸುರಿಯಿತು.

"ಫೋನ್ ಮಾಡೋಕೆ ಇಷ್ಟ ಇಲ್ಲ ಅಂದ್ರೆ ಹೇಳ್ಬಿಡಿ. ಒಂದೊಂದು ಸಲಾನೂ ಸದ್ದಿಲ್ದೆ ಸರಿ ಮಾಡ್ಬಿಡ್ತೀರಲ್ಲ! ಗುಡ್ಡಕ್ಕೆ ಹೋಗೋಕೂ ತಯಾರಾಗಿ ಮಾಡಿದ್ದೆ ನಾನು. ಇಷ್ಟು ದಿನ ನೀವು ಬೇಕಂತ್ಲೇ ಕೆಡವ್ತಿದ್ರಿ ಅಂತ ಅಂದ್ಕೊಂಡಿದ್ದೆ. ನಿಮ್ಮ ರೂಟರು ನಿಜವಾಗ್ಲೂ ಕೆಟ್ಟಿತ್ತೇನೋ. ದಡ್ಡಿ ನಾನು." ಕೊನೆಯ ಮಾತಿಗೆ ದನಿ ಒಡೆಯಿತು.

"ಅವನಲ್ಲಮ್ಮ, ನಾನು ಅವನ ಅಕ್ಕ" ಎಂದೆ.

ಸಣ್ಣಗೆ, "ಅವರೆಲ್ಲಿ ಅಕ್ಕ?" ಎಂದಳು.

"ಬನಿಯನ್ನಲ್ಲಿ ಹೋಗಿರೋದು ನೋಡಿದ್ರೆ ದೂರ ಹೋಗಿಲ್ಲ ಅನ್ಸುತ್ತೆ. ಸೈಕಲ್ ತುಳೀತಿದ್ದ ರಭಸ ನೋಡಿದ್ರೆ ಸೇತುವೆ ದಾಟೋ ಹಾಗಿದೆ. ಅವನ ರೂಟರು ಕೆಟ್ಟಿರ್ಲಿಲ್ಲಮ್ಮ, ಕೆಟ್ಟಿದ್ದು ತಲೆ. ಅಳು ಆಮೇಲೆ ಇಟ್ಕೋ, ಮೊದ್ಲು ನಿನ್ನ ಯಂತ್ರದ ಬಾಯಿ ಬಿಡಿಸು. ಸಾಹೇಬರು ನೋಡ್ತಾರೆ."

ಮೂಗು ಎಳೆದುಕೊಂಡಳು. "ಅವರ ಕಡೆ ಎಷ್ಟಿದೆ, ಓದ್ತೀರಾ?"

ಕನ್ನಡಕ ಹುಡುಕುವಷ್ಟರಲ್ಲಿ ಐದು ನಿಮಿಷ ದಾಟಿತ್ತು, ಸಿಕ್ಕ ಮೇಲೆ ಓದಿದೆ. "ಇಪ್ಪತ್ತೈದು."

ಲಿಂಕ್ ಎದ್ದಿತು. ಆ ಹುಡುಗಿ ಮತ್ತೆ ಏನಾದರೂ ಮಾಡಿಯಾಳೆಂದು, ನಾನು ಫೋನ್ ಇಡದೆ ಅವಳ ಮನೆಮಠ, ಅಪ್ಪಅಮ್ಮ, ಇಷ್ಟದ ತಿಂಡಿ ಎಲ್ಲ ವಿಚಾರಿಸಿದೆ. ಸಾಹೇಬರ ಪರದೆ ಮಾತ್ರ ಕೆಂಪಾಗಿಯೇ ಆಗಿತ್ತು. ತಪ್ಪು ಯಾರ ಕಡೆಯದು ಎಂದು ಅವರು ಎಲ್ಲ ಗೋದಾಮುಗಳಿಗೂ ಫೋನ್ ಮಾಡಿದರು. ಏಳು ಜನರೂ, ಗುಡ್ಡದವನನ್ನೂ ಸೇರಿಸಿಕೊಂಡು, ಬಾಯಿಪಾಠ ಮಾಡಿದವರಂತೆ ಒಂದೇ ಮಾತು ಹೇಳಿದರು: ಸೇತುವೆಯ ಮೇಲೆ ಭಾರಿ ಲಾರಿ ಹೋಯಿತಂತೆ, ಕೇಬಲ್ ಅಲ್ಲಾಡಿತಂತೆ. ಸಂಖ್ಯೆ ತರಿಸಿ ನೋಡಿದರೆ ಎರಡೂ ಕಡೆ ಇಪ್ಪತ್ತೈದು. ವ್ಯತ್ಯಾಸವೇ ಇಲ್ಲದ ಮೇಲೆ ಯಾರನ್ನು ಗುಡ್ಡಕ್ಕೆ ಕಳಿಸುವುದು? ಸಾಹೇಬರು ಲಾರಿಯವನನ್ನು ಬೈದು ಸುಮ್ಮನಾದರು.

ಇನ್ನು ಆಚೆ ದಡದ ಗೋದಾಮಿನ ಗೇಟಿನಲ್ಲಿ ನಡೆದದ್ದು. ಅದನ್ನು ಇಬ್ಬರೂ ನನಗೆ ಬೇರೆ ಬೇರೆಯಾಗಿ ಹೇಳಿದ್ದಾರೆ. ಅವಳು ಹೇಳಲು ಒಂದು ಸಂಜೆ ಹಿಡಿಯಿತು, ಅವನು ಎರಡು ವಾಕ್ಯದಲ್ಲಿ ಮುಗಿಸಿದ. ಎರಡೂ ತಾಳೆಯಾಗುತ್ತವೆ, ಆದ್ದರಿಂದ ನಿಜವಿರಬೇಕು.

ಅವನು ಏದುಸಿರು ಬಿಡುತ್ತ ಸೈಕಲ್ ನಿಲ್ಲಿಸಿದಾಗ ಅವಳು ಗೇಟಿನ ಒಳಗೆ ಕೈಕಟ್ಟಿ ನಿಂತಿದ್ದಳು. ಸಾಮಾನು ಇಳಿಸುತ್ತಿದ್ದವರು ಪೆಟ್ಟಿಗೆ ಹೊತ್ತುಕೊಂಡೇ ನಿಂತು ನೋಡಿದರು. ನನ್ನ ತಮ್ಮ ಬನಿಯನ್ನಿನ ತೂತಿಗೆ ಕೈ ಅಡ್ಡ ಇಟ್ಟುಕೊಂಡ. ಉಸಿರು ಹತೋಟಿಗೆ ಬಂದ ಮೇಲೆ, "ನಾಳೆ ನಮ್ಮನೆಗೆ ಊಟಕ್ಕೆ ಬರ್ಬೇಕಂತೆ. ಅಕ್ಕ ಕರೆದಿದ್ದಾಳೆ" ಎಂದ.

ಸುಳ್ಳ! ನಾನು ಕರೆದಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು, ಆಗಷ್ಟೇ ನನ್ನ ಜೊತೆ ಮಾತಾಡಿ ಫೋನ್ ಇಟ್ಟಿದ್ದಳು.

"ಅಕ್ಕ ಕರೆದ್ರೆ ನಾನು ಬರಲ್ಲ" ಎಂದಳು.

ಅವನು ನೆಲ ನೋಡಿದ. ಅವಳು ಕಾದಳು. ಸಹಾಯಕ್ಕೆ ಒಂದು ಮಾತನ್ನೂ ಆಡಲಿಲ್ಲ, ಗಟ್ಟಿ ಹುಡುಗಿ.

"ನಾನು ಕರೀತಿದ್ದೀನಿ" ಎಂದ. "ಬನ್ನಿ."

"ಊಟ ಮುಗಿಸಿ ವಾಪಸ್ ಬಂದ್ಬಿಡ್ಲಾ?"

"ಬೇಡ" ಎಂದನಂತೆ ನನ್ನ ತಮ್ಮ. "ಅಲ್ಲೇ ಇರಿ."